ವೆಂಡ್ಲಾಳ ಲೇತಿನ ಪಾಯ

ವೆಂಡ್ಲಾಳ ಗ್ಯಾರೇಜಿನ ನೆಲ ಚಳಿಗಾಲದಲ್ಲಿ ಉಬ್ಬುತ್ತಿತ್ತು. ರಾಕ್‌ಫರ್ಡ್‌ನಲ್ಲಿ ಹೊಳೆಯ ಪೂರ್ವಕ್ಕೆ ಮಣ್ಣೆಲ್ಲ ಕರಿ ಜೇಡಿ. ಚಳಿ ಆಳಕ್ಕೆ ಇಳಿದ ಮೇಲೆ ಆ ಮಣ್ಣೊಳಗಿನ ನೀರು ಹೆಪ್ಪುಗಟ್ಟಿ, ಮೇಲಿನ ಸಿಮೆಂಟ್ ನೆಲಕ್ಕೆ ಬೆನ್ನು ಕೊಟ್ಟು ಎತ್ತುತ್ತಿತ್ತು. ಒಲೆ ಇದ್ದ ಮೂಲೆ ಇದ್ದ ಹಾಗೇ ಇರುತ್ತಿತ್ತು, ಬಾಗಿಲ ಕಡೆ ಮಾತ್ರ ಏಳುತ್ತಿತ್ತು. ಕಾರು ನಿಲ್ಲಿಸುವವರಿಗೆ ಅದು ಗೊತ್ತೂ ಆಗುವುದಿಲ್ಲ. ಆದರೆ ಅವಳ ಗ್ಯಾರೇಜಿನಲ್ಲಿ ಕಾರು ಇರಲಿಲ್ಲ, ಉಕ್ಕು ಕಡೆಯುವ ಲೇತು ಇತ್ತು. ಎಂಟು ಜನ ಸಾಲಾಗಿ ಕೂರುವಷ್ಟು ಉದ್ದದ, ಹಳೆಯ ಕಾಲದ ಎರಕದ ಲೇತು. ಅದರ ಕಾಲಡಿಯ ನೆಲ ಒಂದು ಕೂದಲಿನ ದಪ್ಪ ಎದ್ದರೆ, ಉಳಿ ಜಾರುವ ಉದ್ದನೆಯ ಹಾಸು ತಿರುಚಿಕೊಳ್ಳುತ್ತದೆ. ಹಾಸು ತಿರುಚಿದರೆ ಅದರ ಮೇಲೆ ಕಡೆದ ಉಕ್ಕಿನ ದಂಡ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣ ಬರುತ್ತದೆ.

ಅದಕ್ಕೇ ನಾನು ವರ್ಷಕ್ಕೆ ಎರಡು ಸಲ ಅವಳ ಮನೆಗೆ ಹೋಗುತ್ತಿದ್ದೆ. ಮಣ್ಣು ಗಟ್ಟಿಯಾದಾಗ ಒಂದು ಸಲ, ಏಪ್ರಿಲ್‌ನಲ್ಲಿ ಕರಗಿದಾಗ ಒಂದು ಸಲ.

ದೊಡ್ಡ ಯಂತ್ರಗಳನ್ನು ಕೂರಿಸುವುದು ನನ್ನ ಕೆಲಸ. ಲಾರಿಯಿಂದ ಇಳಿಸಿ, ಕೊಳವೆಗಳ ಮೇಲೆ ಉರುಳಿಸಿ ಜಾಗಕ್ಕೆ ತಂದು, ಕಾಲಿನ ಕೆಳಗೆ ಕಬ್ಬಿಣದ ಬೆಣೆ ಕೊಟ್ಟು, ರಸಮಟ್ಟ ಇಟ್ಟು ಸಮ ಮಾಡುವುದು. ಆ ಊರಿನಲ್ಲಿ ಆಗ ಬೀದಿಗೊಂದು ಕಾರ್ಖಾನೆ. ನಾನು ಮತ್ತು ಕಾರ್ಮೆಲೊ ಜೋಡಿಯಾಗಿ ತಿರುಗುತ್ತಿದ್ದೆವು. ಅವನು ಸಿಸಿಲಿಯವರ ಕಡೆಯವನು, ಬಾಯಿ ಮುಚ್ಚಿದ್ದನ್ನು ನಾನು ಕಂಡಿಲ್ಲ. ನಾನು ಸ್ವೀಡನ್ನಿನಿಂದ ಬಂದವರ ಮಗ, ಆರ್ವಿಡ್. ನಾನು ಬಾಯಿ ತೆರೆದದ್ದನ್ನು ತಾನು ಕಂಡಿಲ್ಲ ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ನನಗೆ ಮದುವೆ ಆಗಲಿಲ್ಲ. ಇವತ್ತು ಈ ಊರು, ನಾಳೆ ಮೋಲೀನ್, ನಾಡಿದ್ದು ಮಿಲ್ವಾಕಿ ಎಂದು ಓಡಾಡುವುದರಲ್ಲೇ ವಯಸ್ಸು ಕಳೆಯಿತು. ಹೊಳೆಯ ಪಶ್ಚಿಮಕ್ಕೆ ಒಬ್ಬ ಚಮ್ಮಾರನ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ.

ಆ ಲೇತನ್ನು ಕೊಂಡವನು ವೆಂಡ್ಲಾಳ ಗಂಡ ರೂನೆ. ಯಾವುದೋ ಕಾರ್ಖಾನೆ ಹಳೆಯ ಯಂತ್ರಗಳನ್ನು ಹೊರಗೆ ಹಾಕಿದಾಗ ತಂದು ಗ್ಯಾರೇಜಿಗೆ ಸೇರಿಸಿದ. ಅದು ತಿರುಗುವುದನ್ನು ನೋಡುವ ಮೊದಲೇ ಎದೆನೋವು ಬಂದು ಹೋಗಿಬಿಟ್ಟ. ಗುಜರಿಯವನು ಬಂದು ಕೇಳಿದಾಗ ವೆಂಡ್ಲಾ ಕೊಡಲಿಲ್ಲ. ಯುದ್ಧದ ಕಾಲದಲ್ಲಿ ಗಂಡಸರೆಲ್ಲ ಹೋದಾಗ ಅವಳು ಕಾರ್ಖಾನೆಯಲ್ಲಿ ಲೇತಿನ ಮುಂದೆ ನಿಂತು ಕೆಲಸ ಮಾಡಿದವಳು. ಗಂಡಸರು ಹಿಂದಿರುಗಿದ ದಿನ ಅವಳನ್ನು ಮನೆಗೆ ಕಳಿಸಿದ್ದರು. "ನನಗೆ ಇನ್ನೊಂದು ಸಲ ಇದರ ಮುಂದೆ ನಿಲ್ಲಬೇಕು" ಎಂದು ನಮ್ಮನ್ನು ಕರೆಸಿದಳು.

ಮೊದಲ ದಿನ ಲೇತಿನ ಕೆಳಗೆ ಬೆಣೆ ಕೊಟ್ಟ ಮೇಲೆ ನಾನು ರಸಮಟ್ಟವನ್ನು ಹಾಸಿನ ಮೇಲೆ ಇಟ್ಟೆ. ನಮ್ಮ ರಸಮಟ್ಟ ಗಾರೆಯವರದರ ಹಾಗಲ್ಲ. ಕೈಯ ಬಿಸಿ ತಗುಲಿದರೆ ಗಾಜಿನೊಳಗಿನ ಗುಳ್ಳೆ ಓಡುತ್ತದೆ, ಬಗ್ಗಿ ಉಸಿರು ಬಿಟ್ಟರೆ ಓಡುತ್ತದೆ. ಅವಳು ನನ್ನ ಪಕ್ಕ ಬಂದು ಬಗ್ಗಿದಳು.

"ಸ್ವಲ್ಪ ಉಸಿರು ಹಿಡೀರಿ," ಅಂದೆ.

ಇಬ್ಬರೂ ಉಸಿರು ಹಿಡಿದು ಗುಳ್ಳೆಯನ್ನೇ ನೋಡುತ್ತ ನಿಂತೆವು. ಗುಳ್ಳೆ ನಿಧಾನವಾಗಿ ಬಂತು, ಒಂದು ಗೆರೆಯಾಚೆ ನಿಂತಿತು. ಅವಳ ಕೂದಲಿಗೆ ಏಲಕ್ಕಿಯ ವಾಸನೆ ಇತ್ತು, ಬೆಳಿಗ್ಗೆ ಏಲಕ್ಕಿ ಬ್ರೆಡ್ಡು ಬೇಯಿಸಿದ್ದಳು. ನಾನು ಹಾಗೇ ಇನ್ನೂ ನಿಂತಿರುತ್ತಿದ್ದೆನೋ ಏನೋ, ಆಚೆ ತುದಿಯಿಂದ ಕಾರ್ಮೆಲೊ ಕೂಗಿದ:

"ಏನ್ರಪ್ಪಾ, ಬದುಕಿದ್ದೀರಾ? ಸುತ್ತಿಗೆ ಎತ್ಕೊಂಡು ನನ್ನ ಕೈ ಬಿದ್ದೋಗ್ತಾ ಇದೆ!"

ಅವಳು ನಕ್ಕಳು. ಗುಳ್ಳೆ ಓಡಿಹೋಯಿತು.

ಹೀಗೆ ಶುರುವಾದದ್ದು. ನೆಲ ಉಬ್ಬಿದಾಗ ಅವಳು ಚಮ್ಮಾರನ ಅಂಗಡಿಗೆ ಫೋನ್ ಮಾಡುತ್ತಿದ್ದಳು. ನಾನು ಚೀಲ ತೆಗೆದುಕೊಂಡು ಸೇತುವೆ ದಾಟಿ ಹೋಗುತ್ತಿದ್ದೆ. ಬೆಣೆಗಳನ್ನು ತಾಮ್ರದ ಸುತ್ತಿಗೆಯಿಂದ ಒಂದಿಷ್ಟು ಒಳಕ್ಕೆ, ಒಂದಿಷ್ಟು ಹೊರಕ್ಕೆ ತಟ್ಟುವುದು, ಮತ್ತೆ ಇಬ್ಬರೂ ಬಗ್ಗಿ ಉಸಿರು ಹಿಡಿಯುವುದು. ಸಮ ಮಾಡಿದ ಯಂತ್ರವನ್ನು ಅವತ್ತೇ ನಂಬಬಾರದು, ಒಂದು ದಿನ ಮಲಗಲು ಬಿಟ್ಟು ಮತ್ತೆ ನೋಡಬೇಕು ಎನ್ನುವುದು ನಮ್ಮ ಕೆಲಸದ ಕ್ರಮ. ಹಾಗಾಗಿ ಪ್ರತಿ ಸಲವೂ ನನಗೆ ಮಾರನೆಯ ದಿನವೂ ಸಿಗುತ್ತಿತ್ತು. ಕೆಲಸ ಮುಗಿದ ಮೇಲೆ ಅಡುಗೆಮನೆಯಲ್ಲಿ ಕಾಫಿ. ಸಕ್ಕರೆಯ ಗಟ್ಟಿಯನ್ನು ಹಲ್ಲಿನ ನಡುವೆ ಇಟ್ಟುಕೊಂಡು, ಬಟ್ಟಲಿನಿಂದ ಬಸಿಗೆ ಸುರಿದುಕೊಂಡು, ಸ್ವೀಡನ್ನಿನಿಂದ ಬಂದ ನಮ್ಮಿಬ್ಬರ ಅಪ್ಪಂದಿರು ಕುಡಿಯುತ್ತಿದ್ದ ಹಾಗೆ ಸೊರ್ ಎಂದು ಕುಡಿಯುತ್ತಿದ್ದೆವು. ಅವಳು ಆ ವಾರ ಏನು ಕಡೆದೆ ಎಂದು ಹೇಳುತ್ತಿದ್ದಳು. ಯಾವನೋ ರೈತನ ಟ್ರ್ಯಾಕ್ಟರಿನ ಚಕ್ರದ ಅಚ್ಚು, ಹಾಲಿನ ಡೈರಿಯ ಪಂಪಿನ ದಂಡ. ನಾನು ಕೇಳುತ್ತಿದ್ದೆ.

"ನೀವು ಮಾತಾಡೋದೇ ಇಲ್ವಲ್ಲ," ಎಂದು ಒಂದು ಸಲ ಕೇಳಿದಳು.

"ಕೇಳ್ತಾ ಇದ್ದೀನಲ್ಲ."

"ಕೇಳೋದಕ್ಕೆ ಲೇತೂ ಇದೆ ನನಗೆ. ಅದೂ ಉತ್ತರ ಕೊಡಲ್ಲ, ನೀವೂ ಕೊಡಲ್ಲ. ಇನ್ನೊಂದು ತುಂಡು ಬ್ರೆಡ್ಡಾದ್ರೂ ತಗೊಳ್ಳಿ."

ತೆಗೆದುಕೊಂಡೆ. ಅದಕ್ಕಿಂತ ಹೆಚ್ಚಿನದನ್ನು ಕೇಳುವ ಬಾಯಿ ನನ್ನದಲ್ಲ. ಅವಳ ಮನೆಯಲ್ಲಿ ಕೂತಿರಬೇಕು, ಆ ಬಸಿ ಖಾಲಿಯಾಗಬಾರದು, ಇಷ್ಟೇ ನನಗೆ ಬೇಕಾಗಿದ್ದದ್ದು. ಅಕ್ಟೋಬರ್ ಬಂತೆಂದರೆ ಊರಿನವರೆಲ್ಲ ಚಳಿಗೆ ಬೈಯುತ್ತಿದ್ದರು. ನಾನು ಕಿಟಕಿಯ ಹೊರಗೆ ಕೈ ಚಾಚಿ, ಇನ್ನೂ ಯಾಕೆ ಗಟ್ಟಿ ಚಳಿ ಬೀಳಲಿಲ್ಲ ಎಂದು ನೋಡುತ್ತಿದ್ದೆ.

ಹಾಗೆ ಕೆಲವು ವರ್ಷ ನಡೆಯಿತು. ಆಮೇಲೆ ಒಂದು ಫೆಬ್ರವರಿಯಲ್ಲಿ ಅವಳು ಕರೆದಾಗ ದನಿ ಬೇರೆ ಇತ್ತು. ಹೋಗಿ ನೋಡಿದರೆ ಗ್ಯಾರೇಜಿನ ಗೋಡೆಗೆ ಆರು ಉರುಳೆಗಳು ಒರಗಿದ್ದವು. ಅಚ್ಚುಕೂಟದವರಿಗೆ ಕಡೆದುಕೊಟ್ಟ ಉರುಳೆಗಳು, ಎಲ್ಲವೂ ವಾಪಸ್ ಬಂದಿದ್ದವು. ನಾನು ಡಿಸೆಂಬರ್‌ನಲ್ಲಿ ಸಮ ಮಾಡಿ ಹೋದ ಮೇಲೆ ಚಳಿ ಇನ್ನೂ ಬಿಗಿದು, ನೆಲ ಮತ್ತೆ ಎದ್ದಿತ್ತು. ಉರುಳೆಗಳು ಒಂದು ಕಡೆ ದಪ್ಪ ಬಂದಿದ್ದವು.

"ಅಚ್ಚುಕೂಟದ ಕೆಲಸ ಸಿಕ್ಕಿದ್ರೆ ವರ್ಷಪೂರ್ತಿ ಕೆಲಸ," ಅಂದಳು. "ಕಳಕೊಂಡ್ರೆ ಮತ್ತೆ ಟ್ರ್ಯಾಕ್ಟರ್ ಅಚ್ಚು. ಅವರು ಏನಂದ್ರು ಗೊತ್ತಾ? ಹೆಂಗಸು ಕಡೆದ್ರೆ ಹೀಗೇ ಅಂದ್ರು."

ಅವಳು ಅಳುವವಳಲ್ಲ. ಬಟ್ಟೆಯಿಂದ ಕೈ ಒರೆಸಿಕೊಂಡೇ ಇದ್ದಳು, ಎಣ್ಣೆ ಹೋದ ಮೇಲೂ.

"ಆರ್ವಿಡ್, ಇದಕ್ಕೆ ಶಾಶ್ವತವಾಗಿ ಏನೂ ಮಾಡೋಕಾಗಲ್ವಾ?"

ಏನು ಮಾಡಬೇಕೆಂದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಮೊದಲ ದಿನ ಹೇಳಿಯೂ ಇದ್ದೆ. ಆಗ ಅವಳ ಹತ್ತಿರ ಅಷ್ಟು ಖರ್ಚು ಮಾಡುವ ಶಕ್ತಿ ಇರಲಿಲ್ಲ, ಸದ್ಯಕ್ಕೆ ನೆಲದ ಮೇಲೇ ಇರಲಿ ಅಂದಿದ್ದಳು. ಆ ಮಾತು ಅವಳಿಗೆ ಮರೆತಿರಬಹುದು. ನನಗೆ ಮರೆತಿರಲಿಲ್ಲ. ನೆಲವನ್ನು ಒಡೆಯಬೇಕು. ಚಳಿ ಎಷ್ಟು ಆಳಕ್ಕೆ ಇಳಿಯುತ್ತದೋ ಅದಕ್ಕಿಂತ ಆಳ ತೋಡಿ, ಲೇತಿಗೇ ಬೇರೆಯಾಗಿ ಒಂದು ಕಾಂಕ್ರೀಟಿನ ಪಾಯ ಹಾಕಬೇಕು. ಆ ಪಾಯ ಸುತ್ತಲಿನ ನೆಲಕ್ಕೆ ಎಲ್ಲೂ ತಾಗದ ಹಾಗೆ ಸಂದು ಬಿಡಬೇಕು. ಆಗ ನೆಲ ಏಳಲಿ ಇಳಿಯಲಿ, ಲೇತು ತನ್ನ ಪಾಡಿಗೆ ಇರುತ್ತದೆ.

ಇದನ್ನೆಲ್ಲ ಹೇಳಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಆದರೆ ಶುರು ಮಾಡುವ ಮೊದಲು ಒಮ್ಮೆ ಅಡುಗೆಮನೆಯ ಕಡೆ ನೋಡಿದೆ. ಮೇಜಿನ ಮೇಲೆ ಎರಡು ಬಸಿ ಇಟ್ಟಿದ್ದಳು.

"ಆಗುತ್ತೆ," ಅಂದೆ.

ಜೂನ್‌ನಲ್ಲಿ ನೆಲ ಒಡೆದೆವು. ಲೇತನ್ನು ಎತ್ತಿ ಪಕ್ಕಕ್ಕೆ ಮರದ ತೊಲೆಗಳ ಮೇಲೆ ಇಟ್ಟು, ನಾನೂ ಕಾರ್ಮೆಲೊನೂ ತೋಡಿದೆವು. ಅವನಿಗೆ ನನ್ನ ವಿಷಯ ನಾನು ಹೇಳದೆಯೇ ಗೊತ್ತಾಗಿತ್ತು. ಸೊಂಟದವರೆಗೆ ಗುಂಡಿಯಲ್ಲಿ ನಿಂತು, ಗುದ್ದಲಿಗೆ ಒರಗಿಕೊಂಡು ಶುರು ಮಾಡಿದ:

"ಲೇ ಆರ್ವಿಡ್, ಪ್ರಪಂಚದಲ್ಲಿ ಎಂತೆಂಥಾ ದಡ್ಡರನ್ನ ನೋಡಿದೀನಿ. ತನ್ನ ಗುಂಡೀನ ತಾನೇ ಇಷ್ಟು ನೀಟಾಗಿ, ನೂಲು ಹಿಡಿದು ತೋಡ್ಕೊಳ್ಳೋನ್ನ ನೋಡಿರ್ಲಿಲ್ಲ."

"ಮಣ್ಣೆತ್ತು."

"ಎತ್ತುತೀನಪ್ಪ. ಒಂದಡಿ ಕಮ್ಮಿ ತೋಡೋಣ. ಯಾರಿಗೆ ಗೊತ್ತಾಗುತ್ತೆ? ಚಳಿಗಾಲಕ್ಕೆ ಒಂಚೂರು ಅಲುಗುತ್ತೆ, ನೀನು ಬಂದು ಒಂಚೂರು ಬ್ರೆಡ್ಡು ತಿನ್ತೀಯ, ಅಮ್ಮನೋರಿಗೂ ಖುಷಿ, ನಿನಗೂ ಖುಷಿ."

"ಉರುಳೆ ಯಾರು ಕಡೀತಾರೆ, ನಿಮ್ಮಜ್ಜಿನಾ?"

"ನಮ್ಮಜ್ಜಿ ಬದುಕಿದ್ರೆ ನಿನ್ನ ಕಿವಿ ಹಿಂಡಿ ಇಷ್ಟೊತ್ತಿಗೆ ಮದುವೆ ಮಾಡಿಸಿರೋಳು." ಅವನು ಮಣ್ಣೆತ್ತಿದ. ಸ್ವಲ್ಪ ಹೊತ್ತಿನ ಮೇಲೆ ದನಿ ತಗ್ಗಿಸಿ, "ಹೋಗ್ಲಿ, ಬಾಯಿಬಿಟ್ಟು ಹೇಳಾದ್ರೂ ಹೇಳೋ ಮಾರಾಯಾ," ಅಂದ.

ಹೇಳಲಿಲ್ಲ. ಒಂದಡಿ ಕಡಿಮೆ ತೋಡಲೂ ಇಲ್ಲ. ಕೆಳಗೆ ಹಳದಿ ಮರಳು ಸಿಗುವವರೆಗೂ ಇಳಿದೆವು. ಕಂಬಿ ಕಟ್ಟಿ ಕಾಂಕ್ರೀಟು ಸುರಿದೆವು. ಸುತ್ತ ಡಾಂಬರು ಹಚ್ಚಿದ ಹಲಗೆ ಇಟ್ಟು ಸಂದು ಬಿಟ್ಟೆವು. ಕಾಂಕ್ರೀಟು ಬೇಸಿಗೆಯೆಲ್ಲ ಬಲಿಯಲಿ ಎಂದು ಬಿಟ್ಟೆ. ವೆಂಡ್ಲಾ ದಿನವೂ ಗೋಣಿತಟ್ಟು ನೆನೆಸಿ ಹೊದಿಸುತ್ತಿದ್ದಳು.

ಸೆಪ್ಟೆಂಬರ್‌ನಲ್ಲಿ ಲೇತನ್ನು ಪಾಯದ ಮೇಲೆ ಇಳಿಸಿದೆವು. ಅದಕ್ಕಿಂತ ಚೆನ್ನಾಗಿ ನಾನು ಇನ್ನೊಂದು ಯಂತ್ರವನ್ನು ಕೂರಿಸಿಲ್ಲ. ಬೋಲ್ಟು ಬಿಗಿದು ಬಲವಂತವಾಗಿ ಮಟ್ಟಕ್ಕೆ ಎಳೆಯುವವರಿದ್ದಾರೆ. ಹಾಗೆ ಎಳೆದ ಯಂತ್ರ ಒಂದಲ್ಲ ಒಂದು ದಿನ ಮುನಿಸಿಕೊಳ್ಳುತ್ತದೆ. ಅದು ತನ್ನ ಭಾರದಲ್ಲೇ, ತಾನಾಗಿ ಕೂರಬೇಕು. ಪ್ರತಿ ಕಾಲಿನ ಬೆಣೆಯೂ ಸಮವಾಗಿ ಭಾರ ಹೊರುತ್ತಿದೆಯೇ ಎಂದು ಒಂದೊಂದನ್ನೂ ತಟ್ಟಿ ದನಿ ಕೇಳಿದೆ. ತೆಳ್ಳನೆಯ ಹಿತ್ತಾಳೆ ತಗಡನ್ನು ಸಂದಿಗೆ ಹಾಕಿ ಎಳೆದು ನೋಡಿದೆ. ರಸಮಟ್ಟ ಇಟ್ಟಾಗ ಅವಳು ಬಂದು ಪಕ್ಕದಲ್ಲಿ ಬಗ್ಗಿದಳು, ನಾನು ಹೇಳುವ ಮೊದಲೇ ಉಸಿರು ಹಿಡಿದಳು. ಗುಳ್ಳೆ ಬಂದು ನಟ್ಟನಡುವೆ ನಿಂತಿತು. ತಿರುಗಿಸಿ ಇಟ್ಟೆ, ಆಗಲೂ ನಡುವೆ. ಹಾಸಿನ ಆ ತುದಿಯಲ್ಲಿ, ಈ ತುದಿಯಲ್ಲಿ, ಅಡ್ಡಲಾಗಿ, ಎಲ್ಲ ಕಡೆ ನಡುವೆಯೇ. ಮಲಗಲು ಬಿಟ್ಟು ಮಾರನೆಯ ದಿನ ಬಂದು ನೋಡಿದೆ. ಅಲುಗಿರಲಿಲ್ಲ. ಬುಡಕ್ಕೆ ಗಾರೆ ತುಂಬಿದೆ. ಅದೂ ಒಣಗಿದ ಮೇಲೆ ಇನ್ನೊಂದು ಸಲ ಬಂದೆ. ಅಲುಗಿರಲಿಲ್ಲ.

ಆ ದಿನ ಕಾಫಿ ಕುಡಿದು ನಾನು ಚೀಲ ಎತ್ತಿಕೊಂಡಾಗ ಅವಳು ಬಾಗಿಲಲ್ಲಿ ನಿಂತು ಕೇಳಿದಳು:

"ಇನ್ನು ಯಾವಾಗ ಬರ್ತೀರಿ?"

ನಮ್ಮ ಕೆಲಸದವರಿಗೆ ಒಂದು ಹೆಮ್ಮೆಯ ಮಾತಿದೆ. ಯಂತ್ರ ಇನ್ನೆಂದೂ ಅಲುಗದ ಹಾಗೆ ಕೂತಿದ್ದರೆ, ಹೊರಡುವಾಗ ಮಾಲೀಕನಿಗೆ ಹೇಳುವ ಮಾತು. ಎಲ್ಲ ಸಲ ಹೇಳಲು ಆಗುವುದಿಲ್ಲ, ಬಾಳಿನಲ್ಲಿ ಅಪರೂಪಕ್ಕೆ ಹೇಳುತ್ತೇವೆ. ನಾನು ಅವಳಿಗೆ ಕೊಡಬಹುದಾದದ್ದರಲ್ಲಿ ಅತ್ಯಂತ ಒಳ್ಳೆಯದನ್ನು ಕೊಡುತ್ತಿದ್ದೇನೆ ಎಂದುಕೊಂಡೇ ಹೇಳಿದೆ:

"ಇನ್ನು ನಾನು ಬರೋ ಹಾಗೇ ಇಲ್ಲ."

"ಹೌದಾ," ಅಂದಳು. ಒಳಗೆ ಹೋಗಿ ಉಳಿದ ಬ್ರೆಡ್ಡನ್ನು ಬಟ್ಟೆಯಲ್ಲಿ ಕಟ್ಟಿ ತಂದುಕೊಟ್ಟಳು. ಇಡೀ ಬ್ರೆಡ್ಡು. ತನಗೆ ಒಂದು ತುಂಡನ್ನೂ ಇಟ್ಟುಕೊಂಡಿರಲಿಲ್ಲ.

ಆ ಚಳಿಗಾಲ ನಾನು ಫೋನಿಗೆ ಕಾದೆ. ಬರಲಾರದೆಂದು ಗೊತ್ತಿತ್ತು, ಆದರೂ ಕಾದೆ. ಕೆಳಗೆ ಚಮ್ಮಾರನ ಅಂಗಡಿಯಲ್ಲಿ ಫೋನಿನ ಗಂಟೆ ಬಾರಿಸಿದಾಗಲೆಲ್ಲ ಮೆಟ್ಟಿಲ ತುದಿಗೆ ಬಂದು ನಿಲ್ಲುತ್ತಿದ್ದೆ. ಅವನು ತಲೆ ಎತ್ತಿ ನೋಡಿ, "ಅಲ್ಲ ಕಣಪ್ಪಾ, ಯಾರದೋ ಬೂಟು," ಎನ್ನುತ್ತಿದ್ದ.

ಕರೆಯದೆ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕಾರ್ಮೆಲೊನೂ ಕೇಳಿದ. ಆದರೆ ನಮ್ಮಲ್ಲಿ ಹಾಗಿಲ್ಲ. ಕೂರಿಸಿದ ಯಂತ್ರವನ್ನು ನೋಡಲು ಕರೆಯದೆ ಹೋದರೆ, ನಿನ್ನ ಕೆಲಸದ ಮೇಲೆ ನಿನಗೇ ನಂಬಿಕೆ ಇಲ್ಲ ಎಂದ ಹಾಗೆ. ನನಗೆ ಕೆಲಸ ಕಲಿಸಿದ ತೂರೆಸನ್ ಎಂಬ ಮುದುಕ ಒಂದು ಸಲ ಹಾಗೆ ಹೋಗಿದ್ದ, ಬರೀ ಆ ದಾರಿಯಲ್ಲಿ ಬಂದವನು ಒಳಗೆ ಇಣುಕಿದ್ದ ಅಷ್ಟೆ. ಮಾಲೀಕ ಹೆದರಿ, ಬೇರೆಯವರನ್ನು ಕರೆಸಿ ಎಲ್ಲ ಬಿಚ್ಚಿಸಿ ನೋಡಿಸಿದ. ವೆಂಡ್ಲಾ ಆಗ ತಾನೇ ಅಚ್ಚುಕೂಟದ ಕೆಲಸ ವಾಪಸ್ ಪಡೆದಿದ್ದಳು. ನಾನು ಬಾಗಿಲಲ್ಲಿ ಕಂಡರೆ ಅವಳ ಎದೆ ಧಸಕ್ಕೆನ್ನದೆ ಇರುತ್ತದೆಯೇ? ಪಾಯಕ್ಕೆ ಏನೋ ಆಗಿದೆ ಎಂದುಕೊಳ್ಳುವುದಿಲ್ಲವೇ? ಹೀಗೆ ಯೋಚಿಸಿದೆ. ಯಂತ್ರದ ಮಾತು ಬಿಟ್ಟು ಬೇರೆ ಏನಾದರೂ ಹೇಳಿ ಒಳಗೆ ಹೋಗಬಹುದು ಎನ್ನುವುದು ನನ್ನ ತಲೆಗೆ ಬರಲೇ ಇಲ್ಲ.

"ಮೆಷಿನ್‌ನ ಯಾಕೋ ಎಳೀತೀಯ ನಡುವೆ?" ಎಂದು ಕಾರ್ಮೆಲೊ ರೇಗಿದ. "ಹೋಗಿ, ಕಾಫಿ ಇದೆಯಾ ಅನ್ನು. ಅಷ್ಟೇ. ಕಾಫಿ ಇದೆಯಾ. ನಮ್ಮ ಮನೆ ನಾಯಿಗೂ ಅಷ್ಟು ಬರುತ್ತೆ."

ಆದರೂ ಕೆಲವು ಸಂಜೆ ಆ ಬೀದಿಯಲ್ಲಿ ನಡೆದಿದ್ದೇನೆ, ಎದುರು ಬದಿಯಲ್ಲಿ. ಗ್ಯಾರೇಜಿನ ಕಿಟಕಿಯಲ್ಲಿ ದೀಪ ಇರುತ್ತಿತ್ತು. ಲೇತು ತಿರುಗುವ ಸದ್ದು ಹಿಮದ ಮೇಲೆ ಹಾಯ್ದು ಬರುತ್ತಿತ್ತು. ಒಂದೇ ಸಮನೆ, ಎಲ್ಲೂ ಮಿಡುಕದ ಸದ್ದು. ಸುಖವಾಗಿ ಕೂತ ಯಂತ್ರ ಹಾಗೇ ಹಾಡುತ್ತದೆ. ಅದರಲ್ಲಿ ಒಂದು ಸಣ್ಣ ಕಂಪನವಾದರೂ ಕೇಳಿಸಲಿ ಎಂದು ಕಿವಿಗೊಟ್ಟು ನಿಲ್ಲುತ್ತಿದ್ದೆ. ಕಿವಿ ಚಳಿಗೆ ನೋಯುತ್ತಿತ್ತು. ಕೇಳಿಸುತ್ತಿರಲಿಲ್ಲ. ತಿರುಗಿ ಸೇತುವೆ ದಾಟುತ್ತಿದ್ದೆ.

ಇನ್ನೊಂದು ಚಳಿಗಾಲ ಹೋಯಿತು. ಅದರ ಮೇಲೆ ಇನ್ನೊಂದು.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಚಮ್ಮಾರ ಕೆಳಗಿನಿಂದ ಕೂಗಿದ: "ಆರ್ವಿಡ್! ಇದು ಬೂಟಲ್ಲ!"

ಇಳಿದು ಬಂದು ಫೋನು ಹಿಡಿದೆ. ವೆಂಡ್ಲಾಳ ದನಿ.

"ಅಲುಗ್ತಾ?" ಎಂದು ಕೇಳಿದೆ. ಇಷ್ಟು ವರ್ಷಗಳ ಮೇಲೆ ನನ್ನ ಬಾಯಿಂದ ಬಂದ ಮೊದಲ ಮಾತು ಅದು.

"ಇಲ್ಲ. ಮಾರಿಬಿಟ್ಟೆ. ಬೆಲಾಯ್ಟ್ ಊರಿನವನು ಒಬ್ಬ ತಗೊಂಡ. ಎತ್ತೋದಕ್ಕೆ ನೀವೇ ಬನ್ನಿ, ಬೇರೆಯವರು ಮುಟ್ಟೋದು ಬೇಡ."

ಹೋದೆವು. ಅವಳ ಬಲಭುಜ ಸೋತಿತ್ತು, ಕೈ ಎದೆಯ ಮೇಲಕ್ಕೆ ಏಳುತ್ತಿರಲಿಲ್ಲ. ನ್ಯೂಯಾರ್ಕ್ ಸೀಮೆಯ ಜೇಮ್ಸ್‌ಟೌನ್‌ನಲ್ಲಿ ಅವಳ ತಂಗಿ ಎಬ್ಬಾ ಇದ್ದಳು, ಅಲ್ಲಿಗೆ ಹೊರಟಿದ್ದಳು. ಮನೆಯನ್ನೂ ಮಾರಿಯಾಗಿತ್ತು. ಗೋಡೆಯ ಮೇಲೆ ಚಿತ್ರಗಳಿದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು.

ಬೋಲ್ಟು ಬಿಚ್ಚುವ ಮೊದಲು ನಾನು ರಸಮಟ್ಟ ತೆಗೆದು ಹಾಸಿನ ಮೇಲೆ ಇಟ್ಟೆ. ಎತ್ತುವ ಯಂತ್ರಕ್ಕೆ ಮಟ್ಟ ನೋಡುವ ಅಗತ್ಯವೇನೂ ಇರಲಿಲ್ಲ. ಅವಳು ಬಂದು ಪಕ್ಕದಲ್ಲಿ ಬಗ್ಗಿದಳು. ಇಬ್ಬರೂ ಉಸಿರು ಹಿಡಿದೆವು. ಈ ಸಲ ಕಾರ್ಮೆಲೊ ಸುತ್ತಿಗೆ ಕೆಳಗಿಟ್ಟ. ಹಗ್ಗ ತರುತ್ತೇನೆಂದು ಗೊಣಗಿ ಹೊರಗೆ ಹೋದ.

ಗುಳ್ಳೆ ನಟ್ಟನಡುವೆ ಇತ್ತು.

"ಒಂಚೂರೂ ಇಲ್ಲ," ಅಂದಳು.

"ಒಂಚೂರೂ ಇಲ್ಲ," ಅಂದೆ.

"ಪ್ರತಿ ಚಳಿಗಾಲ ಹೊಸ ದಂಡ ಹಾಕಿದಾಗೆಲ್ಲ ಎರಡೂ ತುದಿ ಅಳೆದು ನೋಡ್ತಿದ್ದೆ. ಈ ಸಲ ದಪ್ಪ ಬರಲಿ, ಈ ಸಲ ಬರಲಿ ಅಂತ." ಅವಳು ಹಾಸಿನ ಮೇಲೆ ಎಡಗೈ ಇಟ್ಟಿದ್ದಳು. ಆ ಕೈಯ ಬಿಸಿಗೆ ಗುಳ್ಳೆ ಮೆಲ್ಲಗೆ ಹೊರಟಿತು. "ಅಷ್ಟು ಚೆನ್ನಾಗಿ ಯಾಕೆ ಮಾಡಿದ್ರಿ?"

"ಫೋನ್ ಮಾಡಬಹುದಿತ್ತು."

"ಏನಂತ ಮಾಡ್ಲಿ? ಕೆಟ್ಟಿದೆ ಅಂತ ಸುಳ್ಳು ಹೇಳ್ಲಾ? ನಿಮ್ಮ ಕೆಲಸಾನ?" ಅವಳಿಗೆ ಸಿಟ್ಟು ಬಂದಿತ್ತು. "ನಾನು ಕೇಳಿದ್ನಲ್ಲ ಅವತ್ತು, ಬಾಗಿಲಲ್ಲಿ ನಿಂತು, ಬಾಯಿಬಿಟ್ಟು. ಬರೋ ಹಾಗೇ ಇಲ್ಲ ಅಂದ್ರಿ."

ನಾನು ಆ ಮಾತಿನ ಅರ್ಥ ಹೇಳಲು ಹೋದೆ. ಅದು ನಮ್ಮವರು ಹೆಮ್ಮೆಯಿಂದ ಹೇಳುವ ಮಾತು, ನಿಮಗೆ ಅಂತ ಹೇಳಿದ್ದು, ಎಂದೇನೋ ತೊದಲಿದೆ. ಅವಳು ಕೇಳಿದಳು, ನಾನು ಅವಳನ್ನು ಕೇಳುತ್ತಿದ್ದ ಹಾಗೆ, ನಡುವೆ ಬಾಯಿ ಹಾಕದೆ. ಆಮೇಲೆ ನಗಲು ಹೋದಳು, ಅದು ನಗುವಾಗಲಿಲ್ಲ.

"ದೇವರೇ," ಅಂದಳು. "ಇಬ್ಬರೂ ಎಂಥಾ ಪ್ರಾಮಾಣಿಕರು ನಾವು."

ಕಾರ್ಮೆಲೊ ಹಗ್ಗ ತಂದ. ಬೋಲ್ಟು ಬಿಚ್ಚಿದೆವು, ಗಾರೆ ಒಡೆದೆವು, ಬೆಣೆಗಳನ್ನು ಒಂದೊಂದಾಗಿ ಎಳೆದೆವು. ಚೆನ್ನಾಗಿ ಕೂತ ಯಂತ್ರವನ್ನು ಎಬ್ಬಿಸುವುದು ಕೂರಿಸುವುದಕ್ಕಿಂತ ಕಷ್ಟ. ಮಧ್ಯಾಹ್ನದ ಹೊತ್ತಿಗೆ ಲಾರಿ ಹೋಯಿತು. ಕಾರ್ಮೆಲೊ ಲಾರಿಯಲ್ಲೇ ಹತ್ತಿದ. ಹತ್ತುವಾಗ ನನ್ನ ಹೆಗಲಿಗೆ ಗುದ್ದಿ, "ನಾಯಿಗೂ ಬರುತ್ತೆ ಕಣೋ," ಅಂದ.

ಗ್ಯಾರೇಜಿನಲ್ಲಿ ಪಾಯವೊಂದೇ ಉಳಿಯಿತು. ಅವಳು ಅದರ ಅಂಚಿನಲ್ಲಿ ನಿಂತಿದ್ದಳು. ಕಾಫಿ ಮಾಡೋಣವೆಂದರೆ ಪಾತ್ರೆಗಳನ್ನೆಲ್ಲ ಕಟ್ಟಿಬಿಟ್ಟಿದ್ದೇನೆ ಅಂದಳು. ಪರವಾಗಿಲ್ಲ ಅಂದೆ. ಚೀಲ ಎತ್ತಿಕೊಂಡೆ. ಬಾಗಿಲವರೆಗೂ ಹೋದೆ. ಆ ಬಾಗಿಲಲ್ಲಿ ಹಿಂದೊಮ್ಮೆ ಏನು ಹೇಳಿದ್ದೆನೋ ಅದು ನೆನಪಾಗಿ ನಿಂತೆ.

"ಜೇಮ್ಸ್‌ಟೌನ್‌ಗೆ ಬರಲಾ?" ಎಂದು ಕೇಳಿದೆ.

ಅವಳು ಪಾಯದ ಅಂಚಿನಿಂದ ನನ್ನ ಕಡೆ ತಿರುಗಿದಳು.

"ಅಲ್ಲೇನು ಕೆಲಸ ನಿಮಗೆ?"

"ಕೆಲಸ ಏನೂ ಇಲ್ಲ."

"ಏನೂ ಇಲ್ವಾ?"

"ಏನೂ ಇಲ್ಲ."

"ಹಾಗಾದ್ರೆ ಬಾ," ಅಂದಳು.

ಹೋದೆ. ಆಮೇಲೂ ಹೋದೆ. ರೈಲು ಬದಲಿಸಿ ಬದಲಿಸಿ, ಗಂಟು ಕಟ್ಟಿದ ರೊಟ್ಟಿ ತಿಂದು ಹೋಗುತ್ತಿದ್ದೆ. ಎಬ್ಬಾಳ ಮನೆ ಚಿಕ್ಕದು, ಅವಳಿಗೆ ಮಾತು ಜಾಸ್ತಿ. ನಾವಿಬ್ಬರೂ ಮೂಲೆಯ ಬೆಂಚಿನಲ್ಲಿ ಕೂತು ಅವಳ ಮಾತು ಕೇಳುತ್ತಿದ್ದೆವು. ವೆಂಡ್ಲಾಳ ಭುಜ ಕೊನೆಗೂ ಸರಿಹೋಗಲಿಲ್ಲ. ಬಟ್ಟಲನ್ನು ನಾನು ಹಿಡಿಯುತ್ತಿದ್ದೆ. ಸಿಕ್ಕಷ್ಟು ಸಿಕ್ಕಿತು, ಅದಕ್ಕೆ ನನ್ನ ದೂರಿಲ್ಲ. ಅವಳು ಹೋಗಿ ಈಗ ತುಂಬಾ ಕಾಲವಾಯಿತು.

ಈಗ ನಾನು ಬೇಕೆಂದು ಹಂಬಲಿಸುವುದು ಜೇಮ್ಸ್‌ಟೌನಿನ ದಿನಗಳನ್ನಲ್ಲ, ಅವು ನನ್ನ ಹತ್ತಿರ ಇವೆ. ಪಾಯ ಹಾಕಿದ ಮೇಲಿನ ಆ ಚಳಿಗಾಲಗಳು ನನಗೆ ಬೇಕು. ನಡುವೆ ಒಂದು ಸೇತುವೆ ಮಾತ್ರ ಇತ್ತು. ಅವಳು ಆಚೆ ದಂಡದ ತುದಿ ಅಳೆಯುತ್ತ, ನಾನು ಈಚೆ ಮೆಟ್ಟಿಲ ತುದಿಯಲ್ಲಿ ನಿಂತು, ಇಬ್ಬರೂ ನೆಲದ ಒಂದೇ ಉಬ್ಬಿಗೆ ಕಾದ ಸಂಜೆಗಳು. ಅವುಗಳಲ್ಲಿ ಒಂದನ್ನು ಯಾರಾದರೂ ತಿರುಗಿ ಕೊಟ್ಟರೆ, ಹಿಮ ಎಷ್ಟೇ ಬೀಳುತ್ತಿರಲಿ, ಚೀಲ ಬಿಟ್ಟು ಬರಿಗೈಯಲ್ಲಿ ನಡೆದುಹೋಗಿ ಆ ಗ್ಯಾರೇಜಿನ ಬಾಗಿಲು ತಟ್ಟುತ್ತೇನೆ.